ಸಾಲಿನ ಪಕ್ಕದ ಬಸ್ಸು

ಅಚ್ಚುಕಟ್ಟಿನ ಜನರನ್ನು ಲೋಕವೆಲ್ಲ ಹೊಗಳುತ್ತದೆ. ಹೊಗಳಲಿ ಬಿಡಿ, ಅದರಿಂದ ಯಾರ ಗಂಟು ಹೋಗುತ್ತದೆ. ಅವರ ಜೊತೆ ಒಂದೇ ಸೂರಿನಡಿ ಬಾಳಿದವರನ್ನು ಕೇಳಬೇಕು. ಎದ್ದು ಮುಖ ತೊಳೆದು ಬರುವಷ್ಟರಲ್ಲಿ ಹೊದಿಕೆ ಮಡಿಚಿ ಇಟ್ಟಿರುತ್ತಾರೆ. ಅರ್ಧ ಓದಿ ಬೋರಲು ಹಾಕಿದ್ದ ಪುಸ್ತಕ ಕಪಾಟು ಸೇರಿರುತ್ತದೆ, ಎಲ್ಲಿಯವರೆಗೆ ಓದಿದ್ದೆವು ಎನ್ನುವುದು ದೇವರಿಗೇ ಗೊತ್ತು. ಕೇಳಿದರೆ, ಹರಡಿಕೊಂಡು ಬಿದ್ದಿತ್ತು, ಎತ್ತಿಟ್ಟೆ ಎನ್ನುತ್ತಾರೆ. ಅದಕ್ಕೆ ಎದುರು ಮಾತಾಡುವುದಾದರೂ ಹೇಗೆ?

ಅಚ್ಚು ಅಂಥವಳು. ಚಿಕ್ಕಂದಿನಲ್ಲಿ ಅಣ್ಣ ಅವಳನ್ನು ‘ಅಚ್ಚುಕಟ್ಟು’ ಎಂದು ರೇಗಿಸಿ ರೇಗಿಸಿ, ಆ ಹೆಸರು ಬಾಯಲ್ಲಿ ಸವೆದು ‘ಅಚ್ಚು’ ಆಗಿ, ಕೊನೆಗೆ ಮನೆಯವರಿಗೆಲ್ಲ ಅದೇ ಖಾಯಂ ಆಯಿತು. ಹೊಟ್ಟೆಪಾಡಿಗೂ ಆ ಗುಣವೇ ಒದಗಿ ಬಂತು. ಔಷಧದ ಡಬ್ಬಿಯೊಳಗೆ ಮಡಿಚಿ ಮಡಿಚಿ ತುರುಕಿರುತ್ತಾರಲ್ಲ, ಯಾರೂ ಓದದ ತೆಳು ಕಾಗದ, ಅದರ ಪುಟ ಜೋಡಿಸುವ ಆಫೀಸಿನಲ್ಲಿ ಅವಳಿಗೆ ಕೆಲಸ. ಇರುವೆಯಂಥ ಅಕ್ಷರಗಳ ನಡುವೆ ಒಂದು ಗೆರೆ ಕೂದಲೆಳೆಯಷ್ಟು ಓರೆಯಾದರೂ ಅವಳಿಗೆ ಆ ದಿನ ಊಟ ಸೇರುತ್ತಿರಲಿಲ್ಲ. ಇಷ್ಟು ವರ್ಷ ಅಷ್ಟು ಕಾಗದ ಜೋಡಿಸಿದ್ದಳು, ಒಂದರಲ್ಲೂ ಅವಳ ಹೆಸರಿರಲಿಲ್ಲ. ಔಷಧದ ಕಾಗದದ ಮೇಲೆ ಪುಟ ಜೋಡಿಸಿದವರ ಹೆಸರು ಯಾಕಾದರೂ ಇರಬೇಕು? ಅವಳೂ ಹಾಗೇ ಅಂದುಕೊಂಡು ಸುಮ್ಮನಿದ್ದಳು.

ಅಣ್ಣ ಅವಳಿಗೆ ತದ್ವಿರುದ್ಧ. ಬಸ್ ಡಿಪೋದಲ್ಲಿ ಟಿಕೆಟ್ ಮೆಷಿನ್ ರಿಪೇರಿ ಮಾಡುವವನು. ಕಾಲರಿನ ಒಂದು ತುದಿ ಒಳಗೆ, ಇನ್ನೊಂದು ಹೊರಗೆ. ಪೆನ್ನು ಕೊಡು ಎಂದರೆ ಜೇಬಿನಿಂದ ಸ್ಕ್ರೂ, ತಂತಿ, ಹಳೇ ಟಿಕೆಟ್ ಎಲ್ಲ ಬರುತ್ತಿದ್ದವು, ಪೆನ್ನೊಂದು ಬಿಟ್ಟು. ಡಿಪೋದಿಂದ ಮನೆಗೆ ಬಂದವನು ಅಡುಗೆಮನೆಯ ಮೇಜಿನ ಮುಂದೆ ಲ್ಯಾಪ್‌ಟಾಪ್ ತೆರೆದು ಕೂತರೆ ಮುಗಿಯಿತು, ಅತ್ತಿಗೆ ಕರೆದರೂ ಕೇಳಿಸುತ್ತಿರಲಿಲ್ಲ. ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಬಸ್ ಸ್ಟಾಪಿನ ಹಲಗೆಯ ಮೇಲೆ ತೋರಿಸುವ ಒಂದು ಸಾಫ್ಟ್‌ವೇರ್ ಇತ್ತು. ಓಪನ್ ಸೋರ್ಸ್, ಎಂದರೆ ಯಾರೊಬ್ಬರ ಸ್ವತ್ತೂ ಅಲ್ಲ. ಯಾವ ಊರಿನವರು ಬೇಕಾದರೂ ಪುಕ್ಕಟೆ ಬಳಸಬಹುದು, ಕೋಡನ್ನು ತೆರೆದು ನೋಡಬಹುದು, ತಿದ್ದಬಹುದು. ಒಬ್ಬರ ಮುಖ ಒಬ್ಬರು ನೋಡದ ಹತ್ತಾರು ಜನ ಸೇರಿ ಕಟ್ಟಿದ್ದು. ಅದನ್ನು ಕಂಪ್ಯೂಟರಿಗೆ ಹಾಕಿ ನಡೆಸುವುದು ಹೇಗೆ ಎಂದು ವಿವರಿಸುವ ಉದ್ದನೆಯ ಪುಟವೊಂದನ್ನು ಬರೆದವನು ಅಣ್ಣ. ಅಲ್ಲಿ ಅವನ ಹೆಸರು ‘ಕೊನೆಬಸ್ಸು’. ಹೆಸರಿನ ಪಕ್ಕಕ್ಕೆ ಒಂದು ಪುಟ್ಟ ನೀಲಿ ಬಸ್ಸಿನ ಚಿತ್ರ ಇಟ್ಟುಕೊಂಡಿದ್ದ.

ಆ ಪುಟವೋ, ಅವನ ಜೇಬಿನ ಹಾಗೆಯೇ ಇತ್ತು. ಕಂಪ್ಯೂಟರಿಗೆ ಕೊಡಬೇಕಾದ ಕಮಾಂಡ್ ಯಾವುದು, ಓದುವವರಿಗೆ ಹೇಳಿದ ಮಾತು ಯಾವುದು ಎಂದು ಬೇರೆ ಮಾಡುವಂತೆಯೇ ಇರಲಿಲ್ಲ. ಎರಡೂ ಒಂದೇ ಅಕ್ಷರದಲ್ಲಿ, ಒಂದೇ ಉಸಿರಿನಲ್ಲಿ. ಕೋಡಿನ ಸಾಲುಗಳು ಒಂದು ಎಡಕ್ಕೆ, ಒಂದು ಬಲಕ್ಕೆ, ಇನ್ನೊಂದು ಪರದೆ ದಾಟಿ ಆಚೆಗೆ. ಕಾಪಿ ಮಾಡಿ ಹಾಕಿದರೆ, ಕಮಾಂಡ್ ಇಲ್ಲಿಂದ ಶುರು ಎಂದು ಮುಂದೆ ಹಾಕಿದ್ದ ಡಾಲರ್ ಗುರುತೂ ಬಾಲದಂತೆ ಅಂಟಿಕೊಂಡು ಬಂದು, ಕಂಪ್ಯೂಟರ್ ಇದೇನು ಎಂದು ಮುಖ ಸಿಂಡರಿಸುತ್ತಿತ್ತು. ಬಳಸುವವರು ದೂರಿ ದೂರಿ ಸಾಕಾಗಿದ್ದರು. ಗುಂಪಿನ ಹಿರಿಯನೊಬ್ಬನಿದ್ದ, ಯಾವ ಊರಿನವನೋ, ಗೂಬೆಯ ಚಿತ್ರ ಇಟ್ಟುಕೊಂಡಿದ್ದವನು. ಅಣ್ಣ ಮನೆಯಲ್ಲಿ ಅವನನ್ನು ಬಾಯ್ತುಂಬ ‘ನಮ್ಮ ಗೂಬೆ’ ಎಂದೇ ಕರೆಯುತ್ತಿದ್ದ, ಒಂದೇ ಒಂದು ಸಲವೂ ಬೈಯುವ ಅರ್ಥದಲ್ಲಿ ಅಲ್ಲ. ಅವನೂ ಎಷ್ಟೋ ಸಲ ಹೇಳಿ ನೋಡಿದ. ಅಣ್ಣ ಬರುವ ವಾರ, ಬರುವ ತಿಂಗಳು ಎನ್ನುತ್ತಲೇ ಇದ್ದ.

ಬರುವ ತಿಂಗಳು ಬಂದಾಗ ಅಣ್ಣ ಆಸ್ಪತ್ರೆಯಲ್ಲಿದ್ದ. ರಕ್ತದ ಕಾಯಿಲೆ, ಗೊತ್ತಾದದ್ದೇ ತಡವಾಗಿ. ಮಂಚದ ಪಕ್ಕದ ಮೇಜಿನ ಮೇಲೆ ಮಾತ್ರೆ, ಲೋಟ, ಕರವಸ್ತ್ರ ಎಲ್ಲ ಗಾತ್ರದ ಪ್ರಕಾರ ಜೋಡಿಸುತ್ತ ಅಚ್ಚು ಕೂತಿದ್ದಳು. ಬೇರೇನು ಮಾಡಲಿಕ್ಕಿತ್ತು ಅಲ್ಲಿ? ಅಣ್ಣ ಅವಳ ಕೈ ಹಿಡಿದು ನಿಲ್ಲಿಸಿದ.

“ಆ ಪುಟ ಒಂಚೂರು ಸರಿ ಮಾಡ್ಬೇಕಿತ್ತು ಅಚ್ಚು. ಜನ ಪಾಪ ಒದ್ದಾಡ್ತಾರೆ.”

ನಾನು ಮಾಡುತ್ತೇನೆ ಬಿಡು ಎಂದಳು. ನೀನು ಕೈ ಹಾಕಿದರೆ ನನಗೇ ಅಲ್ಲಿ ದಾರಿ ತಪ್ಪುತ್ತದೆ ಎಂದು ಅವನು ನಕ್ಕ. ಆಮೇಲೆ ಅಷ್ಟು ಚೆನ್ನಾಗಿ ನಗಲಿಕ್ಕೆ ಅವನಿಗೆ ಆಗಲೇ ಇಲ್ಲ.

ಅಣ್ಣ ಹೋದ ಮೇಲೆ ಅಚ್ಚು ತನ್ನ ಬಾಡಿಗೆ ಕೋಣೆ ಬಿಟ್ಟು ಅತ್ತಿಗೆಯ ಜೊತೆಗಿರಲು ಬಂದಳು. ಅತ್ತಿಗೆ ಕರೆದಿರಲಿಲ್ಲ, ಬೇಡವೆಂದೂ ಹೇಳಲಿಲ್ಲ. ಲಾಂಡ್ರಿಯೊಂದರ ಮೇಲಿನ ಮೂರನೇ ಮಹಡಿ. ಕೆಳಗೆ ಮೆಷಿನ್ ತಿರುಗಿದಾಗ ಮೇಲೆ ಪಾತ್ರೆಗಳು ಸಣ್ಣಗೆ ನಡುಗುತ್ತಿದ್ದವು. ಅಡುಗೆಮನೆಯ ಮೇಜಿನ ಒಂದು ಕಾಲು ಗಿಡ್ಡ. ಅಣ್ಣ ಯಾವುದೋ ರಟ್ಟನ್ನು ಮಡಿಚಿ ಅದರ ಕೆಳಗೆ ತುರುಕಿದ್ದ, ಅದು ಎಣ್ಣೆ ಹೀರಿ ಕರ್ರಗಾಗಿತ್ತು. ಬಂದ ವಾರವೇ ಅಚ್ಚು ಆ ರಟ್ಟನ್ನು ಕಿತ್ತು ಕಸಕ್ಕೆ ಹಾಕಿ, ಅಳತೆ ನೋಡಿ ಕತ್ತರಿಸಿದ ರಬ್ಬರ್ ತುಂಡೊಂದನ್ನು ಅಂಟಿಸಿದಳು. ಮೇಜು ಕದಲದೆ ನಿಂತಿತು. ಅತ್ತಿಗೆ ಮೇಜಿನ ಕಾಲನ್ನೇ ನೋಡಿ, ಚೀಲ ತೆಗೆದುಕೊಂಡು ಅಂಗಡಿಗೆ ಹೋದಳು. ಅವಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ, ಬಂದವರ ಕಣ್ಣು ಪರೀಕ್ಷಿಸುವುದು. ಸಂಜೆ ಬಂದು ಅಣ್ಣನ ಹಳೆಯ ಲ್ಯಾಪ್‌ಟಾಪ್ ತೆಗೆದುಕೊಂಡು ಗೋಡೆಗೆ ಬೆನ್ನು ಕೊಟ್ಟು ಕೂರುವಳು. ಏನು ನೋಡುತ್ತಾಳೋ, ಹಾಡೋ ಧಾರಾವಾಹಿಯೋ, ಅಚ್ಚು ಕೇಳಲಿಲ್ಲ. ಅಳದೆ ಕೂತಿದ್ದಾಳಲ್ಲ, ಅಷ್ಟೇ ಸಾಕು ಎಂದುಕೊಂಡಳು.

ತಾನು ಮಾತ್ರ ಅಣ್ಣನಿಗೆ ಕೊಟ್ಟ ಮಾತಿನ ಬೆನ್ನು ಹತ್ತಿದಳು. ಅವನು ಹೋಗಿ ವರ್ಷ ತುಂಬುವುದರೊಳಗೆ ಪುಟ ಸರಿಯಾಗಬೇಕು, ಆದ ದಿನವೇ ಅದನ್ನು ಅತ್ತಿಗೆಯ ಮುಂದೆ ಇಡಬೇಕು. ಇನ್ನೇನು ಕೊಡಲಿಕ್ಕೆ ಸಾಧ್ಯ ಸತ್ತವನಿಗೆ? ಅತ್ತಿಗೆಗೆ ಗೊತ್ತಾಗದಂತೆ ಆಫೀಸಿನಲ್ಲಿ ಊಟದ ಬಿಡುವಿನಲ್ಲಿ ಮಾಡತೊಡಗಿದಳು. ಬಸ್ಸಿನ ಸಾಫ್ಟ್‌ವೇರ್ ಅವಳಿಗೆ ಗ್ರೀಕೋ ಲ್ಯಾಟಿನ್ನೋ, ಆದರೆ ಸಾಲು ಸಾಲಾಗಿ ಇರಬೇಕು ಎನ್ನುವುದು ಯಾವ ಭಾಷೆಯಲ್ಲಾದರೂ ಒಂದೇ ತಾನೆ. ಮಾತು ಬೇರೆ, ಕೋಡ್ ಬೇರೆ ಮಾಡಿದಳು. ಕೋಡಿಗೆ ತಿಳಿಬೂದು ಹಿನ್ನೆಲೆಯ ಚೌಕ, ಸಮ ಅಗಲದ ಅಕ್ಷರ. ಡಾಲರ್ ಬಾಲಗಳನ್ನು ಕತ್ತರಿಸಿದಳು. ಕಮಾಂಡ್ ಒಂದು ಚೌಕದಲ್ಲಿ, ಅದಕ್ಕೆ ಕಂಪ್ಯೂಟರ್ ಕೊಡುವ ಉತ್ತರ ಇನ್ನೊಂದು ಚೌಕದಲ್ಲಿ. ಒಂದೊಂದು ತುಣುಕನ್ನೂ ಗೂಬೆಗೆ ಕಳಿಸಿದರೆ ಅವನು ನೋಡಿ, ಬೇಕಾದರೆ ತಿದ್ದಲು ಹೇಳಿ, ಮುಗಿದ ಮೇಲೆ ಒಟ್ಟಿಗೆ ಪುಟಕ್ಕೆ ಹಾಕೋಣವೆಂದು ಬೇರೆ ಪ್ರತಿಯೊಂದರಲ್ಲಿ ಸೇರಿಸಿಡುತ್ತಿದ್ದ. ಕೊನೆಬಸ್ಸಿನ ತಂಗಿ ಎಂದು ಅವನಿಗೆ ಹೇಳಿದ್ದಳು. ಅವನು ಮಾರನೆಯ ದಿನ ಬರೆದದ್ದು, ನಿಮ್ಮಣ್ಣ ಇಲ್ಲದೆ ಇಲ್ಲಿ ಬಿಕೋ ಎನ್ನುತ್ತಿದೆ ಎಂದಷ್ಟೇ.

ತುಣುಕು ತುಣುಕಾಗಿ ಮಾಡುತ್ತ ಹೋದರೆ ಇದು ಮುಗಿಯುವ ಬಾಬತ್ತಲ್ಲ ಎಂದು ಅವಳಿಗೆ ಬೇಗನೇ ಗೊತ್ತಾಯಿತು. ಇಡೀ ಪುಟವನ್ನು ಒಂದೇ ಏಟಿಗೆ ಓರಣ ಮಾಡುವ ಸಾಧನವೊಂದು ಇತ್ತು. ಸಾಲಿನ ಉದ್ದ, ಮುಂದಿನ ಖಾಲಿ ಜಾಗ, ಉದ್ಧರಣ ಚಿಹ್ನೆ, ಎಲ್ಲವನ್ನೂ ಅದು ಒಂದೇ ಹದಕ್ಕೆ ತರುತ್ತಿತ್ತು, ಕೋಡನ್ನು ಮಾತ್ರವಲ್ಲ, ನಡುವಿನ ಮಾತನ್ನೂ. ಹಚ್ಚಿ ನೋಡಿದಳು. ಆಹಾ, ಪುಟ ಇಸ್ತ್ರಿ ಹೊಡೆದಂತೆ ಬಂತು. ಕೊನೆಯಲ್ಲಿ ಒಂದು ಕಡೆ ಮಾತ್ರ ಸಾಧನ ಕೈಚೆಲ್ಲಿತ್ತು. ನಾಲ್ಕು ಸಾಲಿನ ಒಂದು ಉದಾಹರಣೆ. ಅಣ್ಣ ಅದರಲ್ಲಿ ಉದ್ಧರಣ ಚಿಹ್ನೆ ತೆರೆದವನು ಮುಚ್ಚಲು ಮರೆತಿದ್ದ. ಎಲ್ಲಿ ಶುರು ಎಲ್ಲಿ ಕೊನೆ ತಿಳಿಯದೆ ಸಾಧನ ಆ ನಾಲ್ಕು ಸಾಲನ್ನು ಇದ್ದ ಹಾಗೇ ಬಿಟ್ಟು ಮುಂದೆ ಹೋಗಿತ್ತು. ಅಷ್ಟನ್ನು ಆಮೇಲೆ ಕೈಯಲ್ಲೇ ತಿದ್ದಿದರಾಯಿತು ಎಂದುಕೊಂಡು ಗೂಬೆಗೆ ಕಳಿಸಿದಳು.

ಗೂಬೆ ಈ ಸಲ ಕೂಡಲೇ ಒಪ್ಪಲಿಲ್ಲ. ಒಂದು ಪ್ರಶ್ನೆ ಬರೆದ.

“ಇದು ಹೆಚ್ಚುಕಮ್ಮಿ ಎಲ್ಲ ಸಾಲನ್ನೂ ಮುಟ್ಟುತ್ತೆ. ಸಾಲಿನ ಪಕ್ಕ ನಿಮ್ಮಣ್ಣನ ಹೆಸರು ಹೋಗಿ ನಿಮ್ಮ ಹೆಸರು ಬರುತ್ತೆ. ಬೇಡ ಅನ್ಸಿದ್ರೆ ಕೋಡ್ ಇರೋ ಕಡೆ ಮಾತ್ರ ಕೈಯಲ್ಲಿ ತಿದ್ದಿ. ನಿಧಾನ ಆದ್ರೆ ಆಗ್ಲಿ. ಏನ್ ಮಾಡೋಣ?”

ಅವನು ಹೇಳಿದ್ದು ಏನೆಂದರೆ, ಆ ಪುಟಕ್ಕೆ ಇನ್ನೊಂದು ನೋಟವಿತ್ತು. ಮೂಲೆಯ ಬಟನ್ ಒತ್ತಿದರೆ, ಪ್ರತಿ ಸಾಲಿನ ಎಡಕ್ಕೆ, ಆ ಸಾಲನ್ನು ಕೊನೆಯದಾಗಿ ಮುಟ್ಟಿದವರ ಹೆಸರು, ಚಿತ್ರ, ಮುಟ್ಟಿದ ದಿನ ಕಾಣಿಸುತ್ತಿದ್ದವು. ಈ ಕಸುಬಿನವರು ಅದಕ್ಕೆ ಇಟ್ಟಿರುವ ಹೆಸರೇ ‘ಬ್ಲೇಮ್’, ಅಂದರೆ ದೂಷಣೆ. ತಪ್ಪು ಕಂಡರೆ ಯಾರ ಜುಟ್ಟು ಹಿಡಿಯಬೇಕು ಎಂದು ತಿಳಿಯಲಿಕ್ಕೆ ಮಾಡಿಕೊಂಡಿದ್ದು. ಅಚ್ಚು ಅದನ್ನು ಒಂದೆರಡು ಸಲ ನೋಡಿದ್ದಳು. ಪುಟದ ಅಂಚಿನಲ್ಲಿ ಮೇಲಿನಿಂದ ಕೆಳಗಿನವರೆಗೆ ನೀಲಿ ಬಸ್ಸುಗಳು, ಡಿಪೋದಲ್ಲಿ ನಿಲ್ಲಿಸಿದ ಹಾಗೆ.

ಅವಳು ಪ್ರಶ್ನೆಯನ್ನು ಓದಿದಳು, ಇನ್ನೊಮ್ಮೆ ಓದಿದಳು. ಅರ್ಥವಾಗಲಿಲ್ಲ ಎನ್ನುವಂತಿರಲಿಲ್ಲ. ಸಾಲಿನ ಪಕ್ಕ ತನ್ನ ಹೆಸರು. ಮೇಲಿನಿಂದ ಕೆಳಗಿನವರೆಗೆ. ಚಿಕ್ಕಂದಿನಲ್ಲಿ ಅಣ್ಣನ ಶಾಲೆಯ ಚೀಲ ಜೋಡಿಸಿದ್ದು, ಅವನ ಕೋಣೆ ಗುಡಿಸಿದ್ದು, ಅವನು ಗೀಚಿದ್ದನ್ನು ದುಂಡಗೆ ಬರೆದುಕೊಟ್ಟಿದ್ದು, ಆಮೇಲೆ ಇಷ್ಟು ವರ್ಷದ ಔಷಧದ ಕಾಗದ. ಎಲ್ಲೂ ಒಂದು ಕಡೆ ಇದು ಅಚ್ಚು ಮಾಡಿದ್ದು ಎಂದು ಇಲ್ಲ. ಒಂದು ಸಲವಾದರೂ ಇದ್ದರೆ ಯಾರ ಗಂಟಲಿಗೆ ಅಡ್ಡ ಬರುತ್ತದೆ? ಹೀಗೆ ಯೋಚಿಸಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ನಾಚಿಕೆ ಆದದ್ದು ನಿಜ, ಆದರೆ ಉತ್ತರ ಬರೆಯುವಾಗ ಅದು ಅಡ್ಡ ಬರಲಿಲ್ಲ.

“ಒಟ್ಟಿಗೇ ಆಗಲಿ” ಎಂದು ಬರೆದಳು. ಅರ್ಧ ಹೊಸದು ಅರ್ಧ ಹಳೆಯದು ಇದ್ದರೆ ನೋಡಲಿಕ್ಕೆ ಚೆನ್ನಾಗಿರುವುದಿಲ್ಲ ಎಂದು ಕಾರಣವನ್ನೂ ಸೇರಿಸಿದಳು.

ಪುಟ ಬದಲಾದ ದಿನ ಎಲ್ಲೆಲ್ಲಿಂದಲೋ ಮೆಚ್ಚುಗೆ ಬಂತು. ಸಣ್ಣ ಊರೊಂದರ ಬಸ್ ಆಫೀಸಿನವನು, ಕಾಪಿ ಮಾಡಿದ ಕಮಾಂಡ್ ಮೊದಲನೇ ಸಲಕ್ಕೇ ನಡೆಯಿತು, ನಿಮ್ಮ ಹೊಟ್ಟೆ ತಣ್ಣಗಿರಲಿ ಎಂಬರ್ಥದಲ್ಲಿ ಬರೆದಿದ್ದ. ಅಚ್ಚುಗೆ ಆಫೀಸಿನಿಂದ ಮನೆಯವರೆಗೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಣ್ಣ ಹೋದ ಮೇಲೆ ಅವಳು ಮೆಟ್ಟಿಲನ್ನು ದಡಬಡ ಹತ್ತಿದ್ದು ಅದೇ ಮೊದಲು. ಅತ್ತಿಗೆ ಅಂಗಡಿಯಿಂದ ಬಂದು ಚೀಲ ಇಟ್ಟು, ಸೆರಗಿನಿಂದ ಕನ್ನಡಕ ಒರೆಸುತ್ತಿದ್ದಳು. ಅಚ್ಚು ಅವಳನ್ನು ಕೂರಿಸಿ ಲ್ಯಾಪ್‌ಟಾಪನ್ನು ಮುಂದಿಟ್ಟಳು.

“ಅಣ್ಣ ಆಸ್ಪತ್ರೇಲಿ ಹೇಳಿದ್ದ ಅತ್ತಿಗೆ. ಮುಗಿಸಿದೆ.”

ಅತ್ತಿಗೆ ಕನ್ನಡಕ ಹಾಕಿಕೊಂಡು ನೋಡಿದಳು. ಚೆನ್ನಾಗಿದೆ ಎಂದಳು, ಎಷ್ಟು ಸ್ಪಷ್ಟವಾಗಿದೆ ಎಂದಳು. ಅವಳ ಮುಖದಲ್ಲಿ ನಿಜವಾಗಿಯೂ ಸಂತೋಷವಿತ್ತು. ಆಮೇಲೆ, ಕತ್ತಲಲ್ಲಿ ಸ್ವಿಚ್ಚಿಗೆ ಕೈ ಹೋಗುವಷ್ಟು ಸಲೀಸಾಗಿ, ಮೂಲೆಯ ಬಟನ್ ಒತ್ತಿದಳು. ಈ ಬಟನ್ ಅತ್ತಿಗೆಗೆ ಹೇಗೆ ಗೊತ್ತು ಎಂದು ಅಚ್ಚು ಬೆರಗಾಗುವಷ್ಟರಲ್ಲಿ ಆ ನೋಟ ತೆರೆದುಕೊಂಡಿತು. ಬಸ್ಸುಗಳಿರಲಿಲ್ಲ. ಅಚ್ಚು ಯಾವ ಚಿತ್ರವನ್ನೂ ಇಟ್ಟುಕೊಂಡಿರಲಿಲ್ಲವಾದ್ದರಿಂದ ಬೂದು ಬಣ್ಣದ ಗುಂಡನೆಯ ಬಿಲ್ಲೆ, ಅದರೊಳಗೆ ‘ಅ’. ಸಾಲಿನ ಕೆಳಗೆ ಸಾಲು, ‘ಅ’, ‘ಅ’, ‘ಅ’.

ಅತ್ತಿಗೆ ಕೆಳಗೆ ಸರಿಸಿದಳು, ಇನ್ನೂ ಕೆಳಗೆ ಸರಿಸಿದಳು, ಕೊನೆ ಮುಟ್ಟುವ ಮೊದಲೇ ಮತ್ತೆ ಮೇಲಕ್ಕೆ ಬಂದಳು.

“ಇವರೆಲ್ಲಿ?” ಎಂದಳು. ಜೋರಾಗಿ ಅಲ್ಲ. ಅಂಗಡಿಯಲ್ಲಿ ಯಾರೋ ಕನ್ನಡಕ ಮರೆತು ಹೋದರೆ ಕೇಳುವಂತೆ.

ಅಚ್ಚು ಏನೇನೋ ವಿವರಿಸಿದಳು. ಸಾಧನ ಹಚ್ಚಿದರೆ ಹಾಗಾಗುತ್ತದೆ, ಬರೆದವನು ಅಣ್ಣನೇ, ಮಾತುಗಳೆಲ್ಲ ಅವನವೇ. ಅತ್ತಿಗೆ ಕೇಳಿಸಿಕೊಂಡಂತೆ ಕಾಣಲಿಲ್ಲ. ಬೆರಳು ಪರದೆಯ ಮೇಲೆ ಒಂದು ಕಡೆ ನಿಂತಿತ್ತು. ಆಮೇಲೆ ಅವಳು ನಿಧಾನಕ್ಕೆ ಹೇಳತೊಡಗಿದಳು. ಮದುವೆಯಾದ ಮೇಲೆ ಅಷ್ಟೂ ವರ್ಷ ಈ ಮೇಜಿನ ಮುಂದೆ ಕೂತ ಅವನ ಬೆನ್ನನ್ನೇ ನೋಡಿದ್ದು. ನನಗಿಂತ ನಿಮಗೆ ಆ ಬಸ್ಸುಗಳೇ ಹೆಚ್ಚು ಎಂದು ಜಗಳವಾಡಿದ್ದು. ಆಗ ಅವನೇ ಈ ಬಟನ್ ತೋರಿಸಿ, ನಾನು ಎಲ್ಲಿ ಹೋಗಿದ್ದೆ ಅಂತ ಕೇಳ್ತೀಯಲ್ಲ, ಇಲ್ಲಿ ನೋಡು, ದಿನದ ಸಮೇತ ಇದೆ ಎಂದು ನಗಿಸಿದ್ದು. ಅವನು ಹೋದ ಮೇಲೆ ಅದನ್ನು ತೆರೆದು ಕೂತು ಒಂದೊಂದೇ ಸಾಲಿನ ದಿನ ನೋಡುತ್ತ ಹೋದದ್ದು. ನಲ್ಲಿ ಒಡೆದು ಅಡುಗೆಮನೆ ತುಂಬ ನೀರಾದ ದಿನ ಇವನು ಎರಡೂ ಕಾಲನ್ನು ಕುರ್ಚಿಯ ಮೇಲಿಟ್ಟುಕೊಂಡು ಬರೆದ ಸಾಲು ಎಲ್ಲಿದೆ, ಮಾತು ಬಿಟ್ಟಿದ್ದ ವಾರದ ಸಾಲುಗಳು ಎಲ್ಲಿವೆ, ಎಲ್ಲ ಅವಳಿಗೆ ಬಾಯಿಪಾಠವಾಗಿತ್ತು.

“ಮಗು ಉಳೀಲಿಲ್ವಲ್ಲ, ಆ ತಿಂಗಳು” ಎಂದಳು ಅತ್ತಿಗೆ. “ಆಗ್ಲೂ ದಿನಾ ಸಂಜೆ ಇಲ್ಲೇ ಕೂತಿರ್ತಿದ್ರು. ಕಲ್ಲು ಮನುಷ್ಯ ಅಂತ ಬೈದೆ. ಕೆಲಸ ಇದೆ ಅಂದ್ರು. ಇವರು ಹೋದ್ಮೇಲೆ ನೋಡಿದ್ರೆ, ಆ ತಿಂಗಳು ಪೂರ್ತಿ ಒಂದೇ ಒಂದು ಸಾಲು. ಸುಮ್ನೆ ತೆರ್ಕೊಂಡು ಕೂತಿದ್ರು ಅಚ್ಚು. ನಂಗೆ ಬೆನ್ನು ಮಾತ್ರ ಕಾಣ್ತಿತ್ತು.”

ಆ ಒಂದು ಸಾಲನ್ನೂ ಅಚ್ಚು ಮುಟ್ಟಿದ್ದಳು. ಯಾವುದು ಎಂದು ಸಹ ಗೊತ್ತಿರಲಿಲ್ಲ.

ಅತ್ತಿಗೆ ಅವಳ ಕಡೆ ತಿರುಗಿದಳು. ದಿನವಿಡೀ ಬೇರೆಯವರ ಕಣ್ಣೊಳಗೆ ನೋಡುವ ಹೆಂಗಸು, ಅವಳೆದುರು ಮರೆಮಾಚುವುದು ಸುಲಭವಿರಲಿಲ್ಲ.

“ನಿಂಗೆ ಗೊತ್ತಿತ್ತಾ, ಹೆಸರು ಹೋಗುತ್ತೆ ಅಂತ?”

ಇಲ್ಲ ಎಂದುಬಿಡಬಹುದಿತ್ತು. ಗೂಬೆ ಕೇಳಿದ ಪ್ರಶ್ನೆ ಅತ್ತಿಗೆಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಇಲ್ಲ ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂತು.

“ಗೊತ್ತಿತ್ತು ಅತ್ತಿಗೆ. ಒಬ್ಬರು ಕೇಳಿದ್ರು. ಪರವಾಗಿಲ್ಲ ಅಂತ ನಾನೇ ಹೇಳ್ದೆ.”

ಅತ್ತಿಗೆ ತಲೆಯಾಡಿಸಿದಳು. “ಮೇಜಿನ ಕೆಳಗಿನ ರಟ್ಟು ಬಿಸಾಕ್ದಾಗ ಸುಮ್ನಿದ್ದೆ. ಪಾಪ, ಗೊತ್ತಿಲ್ದೆ ಮಾಡಿದ್ದಾಳೆ ಅಂತ.” ಅಷ್ಟು ಹೇಳಿ ಎದ್ದು ಒಲೆ ಹಚ್ಚಿದಳು. ಕೂಗಾಡಿದ್ದರೆ, ಬಾಯಿಗೆ ಬಂದಂತೆ ಬೈದಿದ್ದರೆ, ಅಚ್ಚುಗೆ ಎಷ್ಟೋ ವಾಸಿಯಿತ್ತು. ಊಟಕ್ಕೆ ಇಬ್ಬರಿಗೂ ತಟ್ಟೆ ಹಾಕಿದಳು, ಸಾಕೇ ಬೇಕೇ ಎಂದು ವಿಚಾರಿಸಿದಳು. ಅಚ್ಚು ತಿಂದದ್ದು ಏನು ಎಂದು ಅಚ್ಚುಗೇ ತಿಳಿಯಲಿಲ್ಲ.

ಅವಳ ಕೈಯಿಂದ ಇನ್ನೊಂದು ಅನಾಹುತವಾದದ್ದು ಮಾರನೆಯ ಬೆಳಿಗ್ಗೆ. ಪುಟಕ್ಕೆ ನೇರವಾಗಿ ಸೇರಿಸುವ ಹಕ್ಕನ್ನು ಗೂಬೆ ಅವಳ ಕೆಲಸ ಮೆಚ್ಚಿ ಹಿಂದಿನ ದಿನವಷ್ಟೇ ಕೊಟ್ಟಿದ್ದ. ಮಾಡಿದ್ದನ್ನು ಮಾಡಿದಂತೆಯೇ ರದ್ದು ಮಾಡುವ ಬಟನ್ ಇರುವುದೂ ಗೊತ್ತಿತ್ತು. ಆಫೀಸಿಗೆ ಹೋದವಳು ಚೀಲವನ್ನೂ ಕೆಳಗಿಡದೆ, ಯಾರನ್ನೂ ಕೇಳದೆ ಅದನ್ನು ಒತ್ತಿದಳು. ಪುಟ ಹಳೆಯ ಅವತಾರಕ್ಕೆ ಮರಳಿತು. ಡಾಲರ್ ಬಾಲಗಳು ಬಂದವು, ಸೊಟ್ಟ ಸಾಲುಗಳು ಬಂದವು, ಅಣ್ಣ ಬರೆದದ್ದು ಅಕ್ಷರ ಅಕ್ಷರವೂ ಅವನು ಬರೆದಿದ್ದಂತೆಯೇ ಬಂತು. ಮೂಲೆಯ ಬಟನ್ ಒತ್ತಿ ನೋಡಿದರೆ ಅದೇ ಬೂದು ಬಿಲ್ಲೆ. ಅಳಿಸುವಾಗಲೂ ಪ್ರತಿ ಸಾಲನ್ನೂ ಮುಟ್ಟಿದವಳು ಅವಳೇ ಅಲ್ಲವೇ. ರದ್ದು ಮಾಡಿದ್ದೂ ಒಂದು ಮುಟ್ಟುವಿಕೆ ಎಂದು ಆ ಯಂತ್ರದ ಲೆಕ್ಕ. ಅಣ್ಣನ ಸೊಟ್ಟ ಸಾಲುಗಳು, ಅಣ್ಣನ ಮರೆವು, ಅಣ್ಣನ ತಮಾಷೆ, ಎಲ್ಲದರ ಪಕ್ಕ ಈಗ ‘ಅ’ ಎಂದು ಕೂತಿತ್ತು, ದಿನ ಇವತ್ತಿನದು. ನಿನ್ನೆಯಾದರೂ ಅವಳು ಮಾಡಿದ ಕೆಲಸಕ್ಕೆ ಅವಳ ಹೆಸರಿತ್ತು.

ಆಗ ಗೂಬೆಗೆ ಎಲ್ಲವನ್ನೂ ಬರೆದಳು, ಅತ್ತಿಗೆಯ ವಿಷಯವನ್ನೂ. ಅವನು ಉತ್ತರಿಸಿದ. ನಡೆದದ್ದನ್ನು ನಡೆದೇ ಇಲ್ಲ ಎಂಬಂತೆ ಅಳಿಸಲಿಕ್ಕೆ ತನ್ನಿಂದ ಆಗುವುದಿಲ್ಲ, ಎಷ್ಟೋ ಊರಿನವರು ಇದರ ಪ್ರತಿ ಇಟ್ಟುಕೊಂಡಿದ್ದಾರೆ, ಅದೆಲ್ಲ ಹದಗೆಡುತ್ತದೆ. ಆದರೆ ಯಾವುದೂ ಕಳೆದುಹೋಗಿಲ್ಲ, ಪುಟ ಬದಲಾಗುವ ಹಿಂದಿನ ದಿನದ ಪ್ರತಿಯನ್ನು ತೆರೆದರೆ ಅದರಲ್ಲಿ ನಿಮ್ಮಣ್ಣ ಸಾಲು ಸಾಲಿಗೂ ಇದ್ದಾನೆ ಎಂದು ಹೇಳಿ, ತೆರೆಯುವುದು ಹೇಗೆಂದೂ ತೋರಿಸಿಕೊಟ್ಟ. ತೆರೆದಳು. ಬಸ್ಸುಗಳೆಲ್ಲ ಇದ್ದವು. ಅಚ್ಚುಗೆ ಹೋದ ಜೀವ ಬಂದಂತಾಯಿತು.

ಸಂಜೆ ಅದನ್ನು ಅತ್ತಿಗೆಗೆ ತೋರಿಸಿದಳು. ನೋಡಿ, ಎಲ್ಲ ಇದೆ, ಆ ತಿಂಗಳ ಸಾಲೂ ಇದೆ, ಬೇಕೆಂದಾಗ ಇಲ್ಲಿ ತೆರೆಯಬಹುದು ಎಂದು ಒಂದೇ ಸಮನೆ ಹೇಳಿದಳು. ಅತ್ತಿಗೆ ಪೂರ್ತಿ ಕೇಳಿ, ಪುಟವನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದಳು.

“ಇಲ್ಲಿ ಇದ್ದಾರೆ ಅಂತ ನಂಗೂ ಗೊತ್ತಾಯ್ತು ಅಚ್ಚು” ಎಂದಳು. “ಇಷ್ಟು ದಿನ ಇವತ್ತಿನ ಪುಟದಲ್ಲಿ ಇದ್ರು. ಎಲ್ಲೆಲ್ಲಿಯವರೋ ದಿನಾ ಬಂದು ಓದೋ ಪುಟ. ಈಗ ಹಳೇದ್ರಲ್ಲಿ ಇದ್ದಾರೆ. ಹಳೇದ್ರಲ್ಲಿ ನೋಡೋಕೆ ನನ್ ಹತ್ರ ಆಲ್ಬಮ್ ಇದೆ.”

ಪುಟವನ್ನು ಈಗ ಹೇಗಿಡೋಣ, ಸೊಟ್ಟಗೋ ನೆಟ್ಟಗೋ ಎಂದು ಗೂಬೆ ಕೇಳಿದ್ದ. ಅಚ್ಚು ಅದನ್ನು ಅತ್ತಿಗೆಯನ್ನೇ ಕೇಳಿದಳು. ಹೇಗೂ ಹೆಸರು ಹೋಯಿತು, ಓದುವವರಿಗಾದರೂ ಅನುಕೂಲವಾಗಲಿ, ನಿಮ್ಮಣ್ಣ ಹೇಳಿದ್ದೂ ಅದನ್ನೇ ತಾನೆ ಎಂದಳು ಅತ್ತಿಗೆ, ಪಾತ್ರೆ ತೊಳೆಯುತ್ತ, ತಿರುಗಿ ನೋಡದೆ. ಅಚ್ಚು ಪುಟವನ್ನು ಮತ್ತೆ ಓರಣ ಮಾಡಿದಳು. ಮೂರನೇ ಸಲ ಅವಳ ಹೆಸರು ಸಾಲು ಸಾಲಿಗೂ ಬಿತ್ತು. ಒಂದು ಕಾಲದಲ್ಲಿ ಬೇಕೆನಿಸಿದ್ದ ಆ ಹೆಸರನ್ನು ಈಗ ನೋಡಿದರೆ ಅವಳಿಗೆ ಮೈ ಉರಿಯುತ್ತಿತ್ತು.

ಅತ್ತಿಗೆ ಕೆಲವು ದಿನ ಲ್ಯಾಪ್‌ಟಾಪ್ ಮುಟ್ಟಲಿಲ್ಲ. ಆಮೇಲೆ ಒಂದು ಸಂಜೆ, ಅಭ್ಯಾಸಬಲದಿಂದಲೋ ಏನೋ, ತೆರೆದು ಕೂತಳು. ಕೆಳಗೆ ಕೆಳಗೆ ಸರಿಸುತ್ತ ಹೋದವಳು ಥಟ್ಟನೆ ನಿಂತಳು. ಅಚ್ಚು ಬಂದು ನೋಡಿದರೆ ಪುಟದ ಕೊನೆ. ಬೂದು ಬಿಲ್ಲೆಗಳೆಲ್ಲ ಮುಗಿದ ಮೇಲೆ ನಾಲ್ಕು ನೀಲಿ ಬಸ್ಸು. ಅಣ್ಣ ಉದ್ಧರಣ ಚಿಹ್ನೆ ಮುಚ್ಚಲು ಮರೆತಿದ್ದ ಆ ಉದಾಹರಣೆ. ಓರಣ ಮಾಡುವಾಗ ಸಾಧನ ಅದನ್ನು ಬಿಟ್ಟು ಮುಂದೆ ಹೋಗಿತ್ತು, ರದ್ದು ಮಾಡುವಾಗ ಬದಲಾಗಲಿಕ್ಕೆ ಅಲ್ಲಿ ಏನೂ ಇರಲಿಲ್ಲ, ಮತ್ತೆ ಮಾಡಿದಾಗಲೂ ಹಾಗೇ. ಕೈಯಲ್ಲಿ ತಿದ್ದಬೇಕೆಂದು ಅಚ್ಚು ಎತ್ತಿಟ್ಟಿದ್ದು, ಈ ಗದ್ದಲದಲ್ಲಿ ಮರೆತೇಬಿಟ್ಟಿದ್ದಳು. ಅಚ್ಚು ಜೀವಮಾನದಲ್ಲಿ ಮರೆತ ಕೆಲಸ ಅದೊಂದೇ ಇರಬೇಕು. ಅತ್ತಿಗೆ ಪರದೆಗೆ ಮುಖ ಹತ್ತಿರ ತಂದು, ಬಸ್ಸುಗಳ ಪಕ್ಕದ ದಿನವನ್ನು ಓದಿಕೊಂಡಳು.

ಅಲ್ಲಿಂದ ಮುಂದೆ ಅದೊಂದು ಕಾವಲಿನ ಕೆಲಸವಾಯಿತು. ಇಂಥ ಸಣ್ಣ ತಪ್ಪುಗಳನ್ನು ಹುಡುಕಿಕೊಂಡೇ ಹೊಸಬರು ಬರುತ್ತಾರೆ. ಓಪನ್ ಸೋರ್ಸಿನ ಗುಂಪಿಗೆ ಹೊಸದಾಗಿ ಕಾಲಿಡುವವರಿಗೆ ಇಂಥದ್ದೇ ಮೊದಲ ಮೆಟ್ಟಿಲು. ಒಬ್ಬ ಬಂದ. ಆ ನಾಲ್ಕು ಸಾಲನ್ನು ಚೆಂದವಾಗಿ ತಿದ್ದಿ, ಚಿಹ್ನೆ ಮುಚ್ಚಿ, ಸಾಲು ಸರಿಪಡಿಸಿ ಕಳಿಸಿದ. ತಿದ್ದಿದ್ದರಲ್ಲಿ ಒಂದು ಕೂದಲೂ ಅತ್ತಿತ್ತ ಇರಲಿಲ್ಲ. ಅಚ್ಚು ತಾನೇ ಮಾಡಿದ್ದರೂ ಹಾಗೇ ಮಾಡುತ್ತಿದ್ದಳು. ಬೇಡ, ಇದು ಹೀಗೇ ಇರಲಿ ಎಂದು ಬರೆದು ತಳ್ಳಿಹಾಕಿದಳು. ಯಾಕೆ ಎಂದು ಅವನು ವಿನಯವಾಗಿ ಕೇಳಿದ. ಈ ಉದಾಹರಣೆ ಹೀಗಿದ್ದರೆ ನಡೆಯುವುದೇ ಇಲ್ಲ, ಓದಿದವರು ದಾರಿ ತಪ್ಪುತ್ತಾರೆ ಎಂದ. ಅವನ ಮಾತು ನಿಜವೇ. ಜನ ಪಾಪ ಒದ್ದಾಡುತ್ತಾರೆ ಎಂದು ಅಣ್ಣ ನೊಂದುಕೊಂಡದ್ದೂ ಇಂಥದ್ದಕ್ಕೇ. ಕಾರಣ ಹೇಳಲಿಕ್ಕೆ ಅವಳ ಕೈ ಬರಲಿಲ್ಲ. ಕೊನೆಗೆ, ಅಣ್ಣನ ಸಾಲುಗಳನ್ನು ಮುಟ್ಟದೆ, ಅದರ ಕೆಳಗೆ ಸರಿಯಾದ ಉದಾಹರಣೆಯನ್ನು ಬೇರೆಯಾಗಿ ಬರೆದು, ಇದನ್ನು ಬಳಸಿ ಎಂದು ಸೂಚನೆ ಹಾಕಿದಳು. ಮೇಲೆ ತಪ್ಪು, ಕೆಳಗೆ ಒಪ್ಪು, ಇದೆಂಥ ಕೆಲಸ, ಈ ಪುಟ ನೋಡಿಕೊಳ್ಳುವವರಿಗೆ ಅಚ್ಚುಕಟ್ಟು ಎಂದರೇನೆಂದೇ ಗೊತ್ತಿಲ್ಲ ಎಂದು ಅವನು ಎಲ್ಲರೆದುರು ಬರೆದು ಹೋದ. ಅಚ್ಚು ಅದನ್ನು ಓದಿ ಹೊಟ್ಟೆಗೆ ಹಾಕಿಕೊಂಡಳು. ಬೇರೆಯವರೂ ಬಂದರು. ಎಲ್ಲರಿಗೂ ಅದೇ ಉತ್ತರ, ಬೇಡ, ಹೀಗೇ ಇರಲಿ.

ಅತ್ತಿಗೆ ಈಗಲೂ ಸಂಜೆ ಅಂಗಡಿಯಿಂದ ಬಂದು, ಚೀಲ ಇಟ್ಟು, ಲ್ಯಾಪ್‌ಟಾಪ್ ತೆರೆಯುತ್ತಾಳೆ. ಪುಟದ ಮೇಲ್ಭಾಗ ನೋಡುವುದೇ ಇಲ್ಲ, ನೇರ ಕೊನೆಗೆ ಹೋಗುತ್ತಾಳೆ. ಕೆಳಗೆ ಲಾಂಡ್ರಿಯ ಮೆಷಿನ್ ತಿರುಗಿ ಪಾತ್ರೆಗಳೆಲ್ಲ ಸಣ್ಣಗೆ ಸದ್ದು ಮಾಡಿದರೂ ಮೇಜು ಅಲುಗುವುದಿಲ್ಲ. ರಬ್ಬರ್ ತುಂಡು ಗಟ್ಟಿಯಾಗಿದೆ. ಮೊನ್ನೆ ಅಚ್ಚು ಎದುರಿಗೆ ಕೂತು, ಒಂದು ದಿನವಾದರೂ ಅತ್ತಿಗೆ ಮೊದಲಿನಂತೆ ಮಾತಾಡಿಯಾಳೆ ಎಂದು ಅವಳ ಮುಖವನ್ನೇ ನೋಡುತ್ತಿದ್ದಳು. ಅತ್ತಿಗೆ ನಾಲ್ಕೂ ಬಸ್ಸನ್ನು ನೋಡಿ ಮುಗಿಸಿದಳು.

“ಇದನ್ನೂ ಒಂದಿನ ಸರಿ ಮಾಡ್ತೀಯ ನೀನು” ಎಂದಳು. ಬೈಗುಳದಂತಲ್ಲ, ನಾಳೆ ಮೋಡವಿರುತ್ತದೆ ಎನ್ನುವಂತೆ.

“ಇಲ್ಲ ಅತ್ತಿಗೆ. ಮುಟ್ಟಲ್ಲ.”

ಅತ್ತಿಗೆ ಸರಿ ಎಂದಳು. ಆದರೆ ನಂಬಲಿಲ್ಲ. ಅಣ್ಣನನ್ನು ನೋಡಲಿಕ್ಕೆ ದಿನವೂ ಆ ಪುಟ ತೆರೆಯುತ್ತಾಳೆ ಎಂದು ಅಚ್ಚು ಅಂದುಕೊಂಡಿದ್ದಳು. ಅತ್ತಿಗೆ ತೆರೆಯುತ್ತಿದ್ದದ್ದು ಅಚ್ಚು ಕೈ ಹಾಕಿದ್ದಾಳೋ ಇಲ್ಲವೋ ಎಂದು ನೋಡಲಿಕ್ಕೆ. ನಾಳೆಯೂ ಅವಳು ತೆರೆದು ನೋಡುತ್ತಾಳೆ.